ಬಾವಿನ ಒಳಗುಟ್ಟು

ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಯು ರಕ್ತಕಣಗಳ ವಿಷಯವಾಗಿ ಬರೆಯಹೊರಟರೆ ಓದುಗರಿಗೆ ನಗೆ ಬರಬಹುದು. ಆದರೆ ಹಸು ಕಟ್ಟಿದ ಮನೆಗೆ ಈ ವಿಷಯ ಹೊರಗಿನದಲ್ಲ. ಯಲಹಂಕದಾಚೆಯ ನಮ್ಮ ಹಳ್ಳಿಯಲ್ಲಿ ಎರಡು ಹಸುಗಳ ಹಾಲೇ ನನ್ನ ಮೂರು ವರ್ಷದ ಫೀಜನ್ನು ಕಟ್ಟಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಮನೆಯಲ್ಲಾಗಲಿ ಊರಿನಲ್ಲಾಗಲಿ ಯಾವ ಸಂದೇಹ ಹುಟ್ಟಿದರೂ ಅದು ನನ್ನ ಬಳಿಗೇ ಬರುವುದು ವಾಡಿಕೆ.

ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಮುನ್ನ, ಪಶುವೈದ್ಯರು ಊರಿಗೆ ಬಂದು ದನಗಳಿಗೆ ಗಳಲೆ ರೋಗದ ಸೂಜಿ ಹಾಕಿದರು. ನಮ್ಮ ಚಿಕ್ಕಪ್ಪ ಮಾತ್ರ ತಮ್ಮ ಹಸುವನ್ನು ಹಿಡಿದು ತರಲಿಲ್ಲ. “ಹೋದ ವರ್ಷ ಸೂಜಿ ಹಾಕಿದ ಕಡೆ ಗಡ್ಡೆ ಕಟ್ಟಿತು, ಎರಡು ದಿನ ಹಾಲೂ ಇಳೀತು. ಚೆಂದಾಗಿರೋ ಹಸೀಗೆ ಬಾವು ತರಿಸೋದು ಮದ್ದು ಹೆಂಗಾಯ್ತದೆ? ನೀನು ಓದಿದೋನು, ಹೇಳು ನೋಡೋಣ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಳೆ ಹಿಡಿದ ಮೇಲೆ ಆ ಹಸುವಿಗೆ ಜ್ವರ ಬಂತು, ಗಂಟಲು ಊದಿತು. ಬೆಳಗಾಗುವುದರೊಳಗೆ ಉಸಿರು ನಿಂತಿತು. ಅದನ್ನು ಕೊಳ್ಳಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಚಿಕ್ಕಮ್ಮ ಬರಿಯ ಹಗ್ಗವನ್ನು ಹಿಡಿದು ಕೊಟ್ಟಿಗೆಯ ಮುಂದೆ ಕುಳಿತಿದ್ದುದನ್ನು ನಾನು ಮರೆಯಲಾರೆ.

ಚಿಕ್ಕಪ್ಪನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಶುವೈದ್ಯರನ್ನು ಕೇಳಿದೆ, ಸಿಕ್ಕ ಪುಸ್ತಕಗಳನ್ನು ಓದಿದೆ. ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುವ ಹೆಬ್ಬಾಳದಲ್ಲಿಯೇ ಇಂಥ ಲಸಿಕೆಗಳು ತಯಾರಾಗುತ್ತವೆಂಬುದು ಆಗ ತಿಳಿಯಿತು. ದನಗಳ ದೊಡ್ಡರೋಗವನ್ನು ತಡೆಯುವುದಕ್ಕಾಗಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಹುಟ್ಟಿದ ಸಂಸ್ಥೆಯೇ ಇಂದು ಅಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಆ ದೊಡ್ಡರೋಗವು ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಗಳಲೆ, ಚಪ್ಪೆ ಮುಂತಾದವು ಮಾತ್ರ ಇನ್ನೂ ತೊಲಗಿಲ್ಲ.

ಗಳಲೆಯನ್ನು ತರುವುದು ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದನ್ನು ಕೊಂದು, ಪಟಿಕದ ಜಾತಿಯ ಉಪ್ಪಿನೊಡನೆಯೋ ಎಣ್ಣೆಯೊಡನೆಯೋ ಬೆರೆಸಿ ಲಸಿಕೆ ಮಾಡುತ್ತಾರೆ. ರೋಗಾಣುವಿನ ಗುರುತು ಹಿಡಿದು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುವವು ಬಿ ಕಣಗಳು. ಕೋಳಿಯ ಬಾಲದ ಬಳಿಯಿರುವ ಬರ್ಸಾ ಎಂಬ ಚೀಲದಲ್ಲಿ ಇವು ಬಲಿಯುವುದನ್ನು ಮೊದಲು ಕಂಡುಕೊಂಡುದರಿಂದ ಇವಕ್ಕೆ ಆ ಹೆಸರು. ಆದರೆ ಈ ಜಾಣ ಕಣಗಳಿಗೂ ಎಚ್ಚರಿಸುವವರು ಬೇಕು. ಆ ಕೆಲಸವನ್ನು ಮಾಡುವವು ಹುಟ್ಟಿನಿಂದಲೇ ಕಾವಲು ನಿಂತಿರುವ ಬೇರೆ ಕಣಗಳು.

ಸೂಜಿ ಚುಚ್ಚಿದ ಕೆಲವು ಗಂಟೆಗಳಲ್ಲಿಯೇ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು ರಕ್ತದಿಂದ ಅಲ್ಲಿಗೆ ನುಗ್ಗುತ್ತವೆ. ಅವುಗಳ ಹಿಂದೆ ರೋಗಾಣುಗಳನ್ನು ನುಂಗುವ ದೊಡ್ಡ ಕಣಗಳು ಬರುತ್ತವೆ. ಚಿಕ್ಕಪ್ಪ ಕಂಡ ಬಾವು ಈ ಜನಜಂಗುಳಿಯೇ! ಅಲ್ಲಿಂದ ಡೆಂಡ್ರೈಟಿಕ್ ಎಂಬ ಕವಲುಗೈಯ ಕಣಗಳು ಬ್ಯಾಕ್ಟೀರಿಯಾದ ಚೂರುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕಣಗಳಿಗೆ ತೋರಿಸುತ್ತವೆ. ಟಿ ಕಣಗಳು ಬಿ ಕಣಗಳಿಗೆ ಒತ್ತಾಸೆಯಾಗುತ್ತವೆ. ಗ್ರಂಥಿಯ ಅಂಚಿನಲ್ಲಿರುವ ನುಂಗುವ ಕಣಗಳು ಹರಿದುಬಂದ ರೋಗಾಣುವನ್ನು ತಡೆಹಿಡಿದು ಬಿ ಕಣಗಳ ಕೈಗೆ ನೇರವಾಗಿ ಒಪ್ಪಿಸುವುದೂ ಉಂಟು. ಅಷ್ಟೇ ಅಲ್ಲ, ಈ ಕಾವಲುಗಾರರು ಹೊರಡಿಸುವ ಬ್ಯಾಫ್ ಎಂಬ ದ್ರವ್ಯವು ಬಿ ಕಣಗಳು ಸಾಯದಂತೆ ನೋಡಿಕೊಳ್ಳುತ್ತದೆ. ಈ ಪಾಠವೆಲ್ಲ ಮುಗಿಯಲು ಎರಡು ಮೂರು ವಾರ ಬೇಕು. ಆದುದರಿಂದಲೇ ಸೂಜಿ ಮಳೆಗೆ ಮುಂಚೆ. ಕಲಿತುದು ಕಾಲಕ್ರಮದಲ್ಲಿ ಮಾಸುತ್ತದೆ; ಆದುದರಿಂದಲೇ ವರ್ಷವರ್ಷವೂ ಸೂಜಿ.

ಬಿ ಕಣಗಳು ಈ ಉಪಕಾರವನ್ನು ಮರೆಯುವುದಿಲ್ಲ. ಪಾಸ್ಚುರೆಲ್ಲಾ ತನ್ನ ಸುತ್ತ ಒಂದು ಕವಚವನ್ನು ಹೊದ್ದು ನುಂಗುವ ಕಣಗಳಿಂದ ನುಣುಚಿಕೊಳ್ಳುತ್ತದೆ. ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೆ ಹಿಡಿಯಲು ಹಿಡಿಕೆ ದೊರೆತಂತಾಗಿ ಕಾವಲುಗಾರರು ಅದನ್ನು ಸುಲಭವಾಗಿ ನುಂಗುತ್ತಾರೆ. ರೋಗವನ್ನು ಗೆಲ್ಲುವುದು ನುಂಗುವ ಕಣವೆಂದು ರಷ್ಯದ ಮೆಚ್‌ನಿಕಾಫ್ ಹೇಳಿದ; ರಕ್ತದ್ರವದಲ್ಲಿರುವ ಪ್ರತಿಕಾಯವೆಂದು ಜರ್ಮನಿಯ ಎರ್ಲಿಖ್ ಹೇಳಿದ. 1908ರ ನೊಬೆಲ್ ಬಹುಮಾನವನ್ನು ಇಬ್ಬರಿಗೂ ಹಂಚಿದರು. ಒಂದಿಲ್ಲದೆ ಇನ್ನೊಂದಿಲ್ಲವೆಂದು ಇಂದು ಬಲ್ಲೆವು.

ಕಳೆದ ಬೇಸಗೆಯಲ್ಲಿ ಇದನ್ನೆಲ್ಲ ನಮ್ಮ ಆಡುಮಾತಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಆದರೆ ವೈದ್ಯರು ಬಂದ ದಿನ ಹೊಸ ಹಸುವನ್ನು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದರು.

ವಿದ್ಯಾವಂತರೆಂಬ ಹೆಮ್ಮೆ ನಮ್ಮಲ್ಲಿ ಹಲವರಿಗೆ ಇದೆ. ಬಿ ಕಣದ ಕಥೆಯನ್ನು ಓದಿದಂದಿನಿಂದ ಆ ಹೆಮ್ಮೆ ನನ್ನಲ್ಲಿ ಕೊಂಚ ತಗ್ಗಿದೆ. ನೆನಪಿಡುವ ಶಕ್ತಿಯಿರುವ ಕಣಕ್ಕೆ ಕೀರ್ತಿ ಸಲ್ಲುತ್ತದೆ. ಮೊದಲು ಓಡಿಬಂದು ಏಟು ತಿಂದು, ಅದಕ್ಕೆ ಕಲಿಸಿ, ಕೆಲವು ದಿನಗಳಲ್ಲಿಯೇ ಅಳಿದುಹೋಗುವ ಕಣಗಳನ್ನು ಯಾರೂ ಕೇಳುವುದಿಲ್ಲ. ಹೆಬ್ಬೆಟ್ಟಿನ ಗುರುತು ಹಾಕುವ ನನ್ನ ತಂದೆತಾಯಿಗಳು ಬೆಳಗಿನ ನಾಲ್ಕಕ್ಕೆದ್ದು ಹಾಲು ಕರೆಯದಿದ್ದರೆ ನನ್ನ ಹೆಸರಿನ ಮುಂದೆ ಬಿ.ಎ. ಎಂಬ ಅಕ್ಷರಗಳು ಬರುವ ಮಾತೆಲ್ಲಿ? ನಮ್ಮ ಓದು ಅವರ ಕೈಗೊಂದು ಹಿಡಿಕೆಯಾದೀತೆ? ಪದವಿ ಪಡೆದು ಹೊರಡುವ ನಾವೆಲ್ಲರೂ ಯೋಚಿಸಬೇಕಾದ ಮಾತಿದು.