ಮಹಡಿಯ ಮೇಲಿನ ಕಲ್ಲುಗಿಡಗಳು

ಗಿಡ ಬೆಳೆಸುವವರೆಲ್ಲ ಮಳೆಗೆ ಕಾಯುತ್ತಾರೆ. ನಾನು ಮೋಡ ಕವಿಯುತ್ತಿದ್ದಂತೆ ಮಹಡಿ ಹತ್ತಿ ಕುಂಡಗಳ ಸಾಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟುತ್ತೇನೆ. ಬೆಂಗಳೂರಿನಲ್ಲಿ ಸಕ್ಯುಲೆಂಟ್ ಸಾಕುವವರಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಇದೇ ಕೆಲಸ. ಒಣಗಿದ ಬಟ್ಟೆ ಎತ್ತಿಕೊಳ್ಳಲು ಪಕ್ಕದ ಮಹಡಿಗೆ ಬಂದ ಅಜ್ಜಿ ಒಮ್ಮೆ ನಿಂತು ನೋಡಿದರು. "ಅಲ್ಲ ಕಣಮ್ಮ, ಗಿಡಕ್ಕೆ ಮಳೆ ಬೀಳಬಾರದು ಅಂತ ಕೊಡೆ ಹಿಡಿಯೋರನ್ನ ನಾನು ಇದೇ ಮೊದಲು ನೋಡ್ತಿರೋದು" ಅಂದರು. ಗೋಡೆಯಾಚೆಗೆ ಒಂದು ಕುಂಡ ಚಾಚಿ ತೋರಿಸಿದೆ. "ಇದರಲ್ಲಿ ಗಿಡ ಎಲ್ಲೇ ಇದೆ? ಬರೀ ಕಲ್ಲು" ಎಂದು ಒಂದು ಕಲ್ಲನ್ನು ಬೆರಳಿನಿಂದ ಒತ್ತಿದರು. ಅವರು ಒತ್ತಿದ್ದೇ ಗಿಡವನ್ನು. ಅದು ಲಿಥಾಪ್ಸ್.

ನಮ್ಮ ಹಿರಿಯರಿಗೆ ಈ ಬಗೆಯ ಗಿಡಗಳ ಸಹವಾಸ ಹೊಸದೇನಲ್ಲ. ಹೊಲದ ಬೇಲಿಗೆ ಚದುರಗಳ್ಳಿ, ಬೊಂತೆಗಳ್ಳಿ. ಊರಾಚೆಯ ಬೀಳಿನಲ್ಲಿ ಪಾಪಾಸುಕಳ್ಳಿ. ಸುಟ್ಟ ಗಾಯಕ್ಕೆ ಲೋಳೆಸರ. ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿ ಇರುವುದನ್ನು, ನಿಧಾನವಾಗಿ ತುದಿಯನ್ನು ಮತ್ತೆ ಮೇಲಕ್ಕೆ ಬಾಗಿಸುವುದನ್ನು ನೋಡದ ಕನ್ನಡಿಗರು ಕಡಿಮೆ. ಸಕ್ಯುಲೆಂಟ್ ಎಂದರೆ ಇಷ್ಟೇ: ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ನೀರು ಕೂಡಿಟ್ಟುಕೊಂಡು ಬರಗಾಲ ದಾಟುವ ಗಿಡ.

ಒಂದು ಗೊಂದಲ ಮಾತ್ರ ಬಿಡಿಸಿಕೊಳ್ಳಬೇಕು. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಅದರ ತವರು ಅಮೆರಿಕ ಖಂಡ. ಚದುರಗಳ್ಳಿ ನಮ್ಮದೇ ನೆಲದ್ದು, ಯುಫೋರ್ಬಿಯಾ ಜಾತಿಗೆ ಸೇರಿದ್ದು. ಚುಚ್ಚಿದರೆ ಬಿಳಿ ಹಾಲು ಸುರಿಯುವುದು ಎರಡನೆಯದರಲ್ಲಿ. ಕ್ಯಾಕ್ಟಸ್ ಆದರೆ ಮುಳ್ಳುಗಳು ತುಪ್ಪಳದಂಥ ಸಣ್ಣ ದಿಂಬಿನಿಂದ ಗುಂಪಾಗಿ ಹೊರಡುತ್ತವೆ. ಎರಡು ಖಂಡಗಳಲ್ಲಿ ಎರಡು ಕುಲಗಳು, ಒಂದನ್ನೊಂದು ಕಾಣದೆಯೇ, ಒಂದೇ ಕಷ್ಟಕ್ಕೆ ಒಂದೇ ರೂಪ ಕಂಡುಕೊಂಡಿವೆ. ಎಲೆ ಬಿಟ್ಟುಕೊಟ್ಟು, ಕಾಂಡ ಊದಿಸಿಕೊಂಡು, ಮುಳ್ಳು ತೊಟ್ಟು ನಿಂತಿವೆ. ಇವೆರಡರ ಕುಂಡಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಇಂದಿಗೂ ಹಬ್ಬ.

ಇವು ನೀರನ್ನು ಇಷ್ಟು ಜೋಪಾನ ಮಾಡುವುದು ಹೇಗೆಂಬ ಪ್ರಶ್ನೆಯ ಒಂದು ಮುಖ್ಯ ಎಳೆ ಸಿಕ್ಕಿದ್ದು ನಮ್ಮ ಹಿತ್ತಿಲಿನ ಕಾಡುಬಸಳೆಯಲ್ಲಿ. ಎಲೆಯಂಚಿನಿಂದಲೇ ಮರಿ ಹುಟ್ಟಿಸುವ ಆ ಗಿಡ ಎಲ್ಲರಿಗೂ ಗೊತ್ತು. ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದವರು. ಟಿಪ್ಪುವಿನ ನಂತರ ಲಾಲ್‌ಬಾಗ್‌ನ ಹೊಣೆ ಬಂದದ್ದು ಅವರಿಗೆ. ಕಾಡುಬಸಳೆಯ ಎಲೆಯನ್ನು ಅವರು ಹೊತ್ತುಹೊತ್ತಿಗೆ ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. ಇದನ್ನು ಅವರು ಬರೆದು ಕಳಿಸಿದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಹುಳಿಯ ಗುಟ್ಟು ಪೂರ್ತಿ ಬಿಡಿಸಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಬೇರೆ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಒಳಗೆಳೆದುಕೊಳ್ಳುತ್ತವೆ, ಆ ಹೊತ್ತಿನಲ್ಲೇ ನೀರೂ ಆವಿಯಾಗಿ ಹೋಗುತ್ತದೆ. ಈ ಜಾತಿಯವು ತಂಪಾದ ರಾತ್ರಿಯಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಆ ಆಮ್ಲದಿಂದಲೇ ಅಡುಗೆ ಮಾಡಿಕೊಳ್ಳುತ್ತವೆ. ಹೇನ್ ನಾಲಿಗೆಗೆ ತಾಗಿದ ಹುಳಿ ಅದೇ. ನನ್ನ ಮಹಡಿಯ ಮೇಲೆ ದೇಶವಿದೇಶದ ಗಿಡಗಳಿವೆ. ಮೊದಲ ಸಾಲಿನ ಮೊದಲ ಕುಂಡ ಮಾತ್ರ ಕಾಡುಬಸಳೆಯದು.

ಇನ್ನು ಲಿಥಾಪ್ಸ್ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಮಾತಾಡುತ್ತೇನೆ.

1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಸಂಚಾರಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ಕಲ್ಲುನೆಲದಲ್ಲಿ ವಿಚಿತ್ರ ಆಕಾರದ ಬೆಣಚುಕಲ್ಲೊಂದನ್ನು ಎತ್ತಿಕೊಳ್ಳಲು ಬಗ್ಗಿದರು. ಕೈಗೆ ಬಂದದ್ದು ಗಿಡ. ಅವರು ಕಂಡ ಆ ಬಗೆಯನ್ನೇ ಮತ್ತೆ ಅದೇ ಸೀಮೆಯಲ್ಲಿ ಹುಡುಕಿ ಗುರುತಿಸಲು ಸುಮಾರು 100 ವರ್ಷ ಬೇಕಾಯಿತು. ಕಲ್ಲುಗಳ ನಡುವೆ ಅಷ್ಟು ಚೆನ್ನಾಗಿ ಅಡಗಿರುತ್ತದೆ. ಇಡೀ ಗಿಡವೆಂದರೆ ಎರಡು ದಪ್ಪ ಎಲೆ, ನಡುವೆ ಒಂದು ಸೀಳು. ತವರಿನಲ್ಲಿ ದೇಹವೆಲ್ಲ ಮಣ್ಣೊಳಗೆ ಹೂತಿದ್ದು ಎಲೆಯ ನೆತ್ತಿಯಷ್ಟೇ ಹೊರಗೆ ಕಾಣುತ್ತದೆ. ಆ ನೆತ್ತಿಯಲ್ಲಿ ಹಸಿರು ಕಡಿಮೆ. ಬೆಳಕು ಹಾಯುವ ಪಾರದರ್ಶಕ ಕಿಟಕಿಗಳು ಅಲ್ಲಿವೆ. ಬಿಸಿಲು ಆ ಕಿಟಕಿಯಿಂದ ಇಳಿದು, ನೀರು ತುಂಬಿದ ಒಳಮೈಯಲ್ಲಿ ಹರಡಿ, ನೆಲದಡಿಯ ಹಸಿರಿಗೆ ತಲುಪುತ್ತದೆ. ನೆಲದೊಳಗೆ ಕುಳಿತು ಬಿಸಿಲು ಉಣ್ಣುವ ಗಿಡವೊಂದು ಅಂಗೈಯಗಲದ ಕುಂಡದಲ್ಲಿ ನಮ್ಮ ಮನೆಯ ಮೇಲೆ ಬದುಕುತ್ತಿದೆ ಎಂಬುದೇ ನನಗೆ ದೊಡ್ಡ ಸಂತೋಷ.

ಅದರ ವರ್ಷಚಕ್ರ ತಿಳಿದರೆ ಸಾಕುವುದು ಕಷ್ಟವಲ್ಲ. ಮಳೆಗಾಲ ಹಿಂದೆ ಸರಿದು ಹವೆ ತಂಪಾಗುವ ಹೊತ್ತಿಗೆ ಸೀಳಿನಿಂದ ಮೊಗ್ಗು ಇಣುಕುತ್ತದೆ. ಹಳದಿಯೋ ಬಿಳಿಯೋ ಆದ ಹೂವು ಮಧ್ಯಾಹ್ನದ ಬಿಸಿಲಿಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಗಿಡವೇ ಕಾಣದಷ್ಟು ಅಗಲ. ಹೂವಾದ ಮೇಲೆ ಹಳೆಯ ಜೋಡಿಯೊಳಗೆ ಹೊಸ ಜೋಡಿ ಬೆಳೆಯತೊಡಗುತ್ತದೆ. ಅದು ಹಳೆಯ ಎಲೆಗಳ ನೀರನ್ನೇ ಹೀರಿಕೊಂಡು ದಪ್ಪವಾಗುತ್ತದೆ. ಹಳೆಯವು ಸೊರಗಿ ಸೊರಗಿ ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಅಂಟಿಕೊಳ್ಳುತ್ತವೆ. ಈ ತಿಂಗಳುಗಳಲ್ಲಿ ಒಂದು ಚಮಚ ನೀರೂ ಬೇಡ. ನೀರು ಸಿಕ್ಕರೆ ಹಳೆಯ ಎಲೆಗಳು ಕರಗುವುದನ್ನು ನಿಲ್ಲಿಸುತ್ತವೆ, ಹೊಸದಕ್ಕೆ ಜಾಗ ಸಿಗುವುದಿಲ್ಲ. ಬಾಡಿದೆಯೆಂದು ಕನಿಕರಪಟ್ಟು ನೀರೆರೆಯುವ ಕೈ ಈ ಗಿಡಕ್ಕೆ ಶತ್ರು. ಬಾಡಲು ಬಿಡುವುದೇ ಇಲ್ಲಿ ಆರೈಕೆ.

ಲಿಥಾಪ್ಸ್ ಲೋಕದಲ್ಲಿ ಎಲ್ಲರೂ ಗೌರವದಿಂದ ನೆನೆಯುವ ದಂಪತಿ ಡೆಸ್ಮಂಡ್ ಕೋಲ್ ಮತ್ತು ನೌರೀನ್ ಕೋಲ್. ಡೆಸ್ಮಂಡ್ ವೃತ್ತಿಯಿಂದ ಭಾಷಾವಿಜ್ಞಾನಿ, ಸೆಟ್ಸ್‌ವಾನಾ ಭಾಷೆಯ ವ್ಯಾಕರಣ ಬರೆದವರು. ಬಿಡುವಿನಲ್ಲಿ ಇಬ್ಬರೂ ದಕ್ಷಿಣ ಆಫ್ರಿಕಾ, ನಮೀಬಿಯಾಗಳ ಬಯಲು ಸುತ್ತಿ, ಲಿಥಾಪ್ಸ್ ಎಲ್ಲೆಲ್ಲಿ ನೆಲೆಸಿದೆಯೋ ಆ ಒಂದೊಂದು ನೆಲೆಗೂ ಸಂಖ್ಯೆ ಕೊಟ್ಟು ದಾಖಲಿಸಿದರು. ಇಂದಿಗೂ ಬೀಜದ ಪೊಟ್ಟಣದ ಮೇಲೆ 'ಸಿ' ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ: ಈ ಬೀಜದ ಅಜ್ಜ ಮುತ್ತಜ್ಜ ಯಾವ ಗುಡ್ಡದವರು ಎಂಬ ವಿಳಾಸ ಅದು. ಹವ್ಯಾಸ ಎಷ್ಟು ಆಳಕ್ಕೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬೀಜ ಎಂದೆನಲ್ಲ, ಈ ಹವ್ಯಾಸದ ನಿಜವಾದ ರುಚಿ ಇರುವುದು ಅಲ್ಲೇ. ಲಿಥಾಪ್ಸ್ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ, ಎರಡು ಬೇರೆ ಗಿಡಗಳು ಒಟ್ಟಿಗೆ ಅರಳಬೇಕು. ಸಣ್ಣ ಕುಂಚದಿಂದ ಒಂದರ ಪರಾಗ ಇನ್ನೊಂದಕ್ಕೆ ಮುಟ್ಟಿಸುತ್ತೇನೆ. ಒಣಗಿದ ಕಾಯಿಯ ಮೇಲೆ ಒಂದು ಹನಿ ನೀರು ಬಿಟ್ಟರೆ ನೋಡುನೋಡುತ್ತಿದ್ದಂತೆ ಮುಚ್ಚಳಗಳು ತೆರೆದುಕೊಳ್ಳುತ್ತವೆ. ಆರಿದರೆ ಮತ್ತೆ ಮುಚ್ಚುತ್ತವೆ. ಮರುಭೂಮಿಯಲ್ಲಿ ಮಳೆ ಬಂದಾಗಲಷ್ಟೇ ಬೀಜ ಹೊರಬೀಳಲಿ ಎಂಬ ಏರ್ಪಾಡು. ಬೀಜ ಧೂಳಿನಷ್ಟು ಸಣ್ಣದು. ಸೋಸಿದ ಮರಳುಮಣ್ಣಿನ ಮೇಲೆ ಉದುರಿಸುವುದು, ಮಣ್ಣು ಮುಚ್ಚಬಾರದು, ಮೇಲೊಂದು ಗಾಜಿನ ಹಾಳೆ ಇಟ್ಟು ತೇವ ಆರದಂತೆ ನೋಡಿಕೊಳ್ಳುವುದು. ಸಾಸಿವೆಗಿಂತ ಸಣ್ಣ ಹಸಿರು ಗುಳ್ಳೆಗಳು ಏಳುತ್ತವೆ. ಮೈಮೇಲಿನ ಚಿತ್ತಾರ ಮೂಡಲು ಒಂದು ವರ್ಷ, ಹೂವು ಕಾಣಲು ಮೂರು ವರ್ಷವಾದರೂ ಬೇಕು. ಮೊದಲು ಬೆಳೆಸುವವರಿಗೆ ನಾನು ಹೇಳುವುದು ಲಿಥಾಪ್ಸ್ ಲೆಸ್ಲಿಯೈ: ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ ಸುತ್ತಿನ ಎತ್ತರದ, ಬೇಸಿಗೆಯಲ್ಲಿ ಮಳೆ ಬೀಳುವ ಸೀಮೆಯದು. ಹಾಗಾಗಿ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮೂರಿನ ಹವೆಗೆ ಬೇಗ ಒಗ್ಗುತ್ತದೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಸುರಿದರೆ ಮೇಲೆ ನಿಲ್ಲದೆ ಕೆಳಗಿನ ತೂತಿನಿಂದ ಹೊರಬರಬೇಕು, ಅಷ್ಟೇ. ಇಟ್ಟಿಗೆ ಚೂರು, ಜಲ್ಲಿಪುಡಿ, ಭತ್ತದ ಹೊಟ್ಟಿನ ಇದ್ದಿಲು, ಕಾಲು ಪಾಲಿಗಿಂತ ಕಡಿಮೆ ಎರೆಗೊಬ್ಬರ. ತೆಂಗಿನ ನಾರಿನ ಪುಡಿಯಲ್ಲೇ ಗಿಡ ಮಾರುವ ನರ್ಸರಿಗಳು ಬಹಳ. ಮನೆಗೆ ತಂದ ಕೂಡಲೇ ಅದನ್ನು ಬೇರಿನಿಂದ ಬಿಡಿಸಿ. ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ನಮ್ಮೂರಿನ ಪಾಟರಿ ಟೌನ್‌ನಲ್ಲಿ ಸಿಗುವ ಸುಟ್ಟ ಮಣ್ಣಿನ ಕುಂಡಕ್ಕೆ ಸಾಟಿ ಇಲ್ಲ, ಅದರ ಗೋಡೆಯೂ ತೇವ ಹೀರಿ ಹೊರಗೆ ಬಿಡುತ್ತದೆ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಮಕ್ಕಳು ಮೊದಲು ಕೈ ಚಾಚುವುದು ಹಸಿರು ಕಾಂಡದ ಮೇಲೆ ಕೆಂಪು, ಹಳದಿ ಗುಂಡು ಕೂತಿರುವ ಕ್ಯಾಕ್ಟಸ್‌ಗೆ. ಮೇಲಿನ ಗುಂಡಿಗೆ ಪತ್ರಹರಿತ್ತೇ ಇಲ್ಲ. ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಅದಕ್ಕೇ ಡ್ರ್ಯಾಗನ್ ಹಣ್ಣಿನ ಬಳ್ಳಿಯ ತುಂಡಿಗೆ ಕಸಿ ಕಟ್ಟಿರುತ್ತಾರೆ. ಕೆಲವು ವರ್ಷ ಬಾಳುತ್ತದೆ, ಅಷ್ಟೆ. ಅದರ ಮೇಲೆ ನನಗೆ ಮುನಿಸಿಲ್ಲ. ಬಣ್ಣ ಎರಚಿದ ಎಕಿವೇರಿಯಾ ಎಂಬ ಸಕ್ಯುಲೆಂಟ್, ಅಂಟಿನಿಂದ ಕಾಗದದ ಹೂ ಕೂಡಿಸಿದ ಕ್ಯಾಕ್ಟಸ್ ಮಾರುವುದು ಮಾತ್ರ ಗಿಡಕ್ಕೂ ಕೊಳ್ಳುವವರಿಗೂ ಮಾಡುವ ಅನ್ಯಾಯ. ಎಕಿವೇರಿಯಾ ಎಲೆಯ ಮೇಲೆ ತಾನಾಗಿ ಕೂರುವ ಬೂದಿಬಣ್ಣದ ಹುಡಿಗಿಂತ ಚೆಲುವು ಬೇಕೇ? ಬಿಸಿಲಿನ ಉರಿಗೆ ಗಿಡ ತೊಟ್ಟ ರಕ್ಷೆ ಅದು. ಒಮ್ಮೆ ಬೆರಳು ತಾಗಿ ಅಳಿಸಿದರೆ ಆ ಎಲೆಯಲ್ಲಿ ಗುರುತು ಉಳಿದೇ ಉಳಿಯುತ್ತದೆ.

ಅಪರೂಪದ್ದು ನನ್ನಲ್ಲಿರಲಿ ಎಂಬ ಆಸೆ ಸಂಗ್ರಹಕಾರರಿಗೆ ಸಹಜ. ಅದು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಯುಫೋರ್ಬಿಯಾ ಒಬೀಸಾದ ಕಥೆ ಸಾಕು. ಮುಳ್ಳಿಲ್ಲದ ಗುಂಡು ದೇಹ, ಸಾಮಾನ್ಯವಾಗಿ ಎಂಟು ಏಣು, ಮೈತುಂಬ ನೇರಿಳೆ ಪಟ್ಟೆ. ದಕ್ಷಿಣ ಆಫ್ರಿಕಾದ ಗ್ರಾಫ್-ರೈನೆಟ್ ಬಳಿಯ ಒಂದು ಸಣ್ಣ ಪ್ರದೇಶ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲ. ಸಸ್ಯವಿಜ್ಞಾನಿ ಜೋಸೆಫ್ ಹುಕರ್ 1903ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲೇ ಸಂಗ್ರಹಕಾರರು ಕಿತ್ತು ಕಿತ್ತು ಆ ನೆಲವನ್ನು ಬರಿದಾಗಿಸಿದರು. ಅದನ್ನು ಉಳಿಸಿದ್ದೂ ಗಿಡ ಸಾಕುವವರೇ, ಬೀಜದಿಂದ. ಇದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಎರಡೂ ಇದ್ದರೆ ಕುಂಚದಲ್ಲಿ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸಬಹುದು. ಬಲಿತ ಕಾಯಿ ಸಿಡಿದು ಬೀಜವನ್ನು ದೂರಕ್ಕೆ ಎಸೆಯುವುದರಿಂದ ಗಿಡದ ತಲೆಗೆ ಮಲ್ಲಿನ ಬಟ್ಟೆ ಕಟ್ಟಿಡುತ್ತೇನೆ. ಒಂದು ಕಾಲಕ್ಕೆ ಅಳಿದೇಹೋಗುತ್ತದೆ ಎಂದುಕೊಂಡ ಗಿಡ ಇಂದು ಸಾಧಾರಣ ಬೆಲೆಗೆ ನರ್ಸರಿಗಳಲ್ಲಿ ಸಿಗುತ್ತದೆ. ನನ್ನ ಹೆಣ್ಣು ಗಿಡದ ಬೀಜದಿಂದೆದ್ದ ಸಸಿಗಳು ಸ್ನೇಹಿತರ ಮನೆಗಳಲ್ಲಿವೆ.

ಅದೇ ಪಾಠ ಕಣ್ಣ ಮುಂದಿದ್ದರೂ ಲೂಟಿ ನಿಂತಿಲ್ಲ. ದಕ್ಷಿಣ ಆಫ್ರಿಕಾ, ನಮೀಬಿಯಾಗಳ ಸಕ್ಯುಲೆಂಟ್ ಕರೂ ಎಂಬ ಸೀಮೆಯಲ್ಲಿ ಸುಮಾರು 6,000 ಬಗೆಯ ಸಸ್ಯಗಳಿವೆ. ಜಗತ್ತಿನ ಸಕ್ಯುಲೆಂಟ್ ಬಗೆಗಳಲ್ಲಿ ಮೂರನೇ ಒಂದು ಪಾಲು ಅಲ್ಲೇ. 2019ರಿಂದ ಈಚೆಗೆ ಅಲ್ಲಿ ಕಳ್ಳಸಾಗಣೆದಾರರಿಂದ ಹತ್ತು ಲಕ್ಷಕ್ಕೂ ಹೆಚ್ಚು ಗಿಡಗಳನ್ನು ವಶಪಡಿಸಿಕೊಂಡಿದ್ದಾರೆ. ಸಿಕ್ಕಿಬಿದ್ದವು ಅಷ್ಟು. ಅದರಲ್ಲಿ ಬಹುಪಾಲು ಕೋನೋಫೈಟಮ್, ಲಿಥಾಪ್ಸ್‌ನ ಪುಟ್ಟ ಬಂಧು. ಕೆಲವು ಬಗೆಗಳು ಒಂದೇ ಗುಡ್ಡದ ಒಂದೇ ಇಳಿಜಾರಿನಲ್ಲಿ ಇರುವಂಥವು. ಒಂದು ರಾತ್ರಿಯ ಕೆಲಸಕ್ಕೆ ಒಂದು ಬಗೆಯೇ ಮುಗಿದುಹೋಗಬಹುದು. ಕ್ಯಾಲಿಫೋರ್ನಿಯಾದ ಕಡಲಂಚಿನ ಬಂಡೆಗಳಿಂದ ಡಡ್ಲಿಯಾ ಗಿಡಗಳನ್ನು ಮೂಟೆಗಟ್ಟಲೆ ಕಿತ್ತು ಸಾಗಿಸಿದ ಮೇಲೆ ಅಲ್ಲಿ 2021ರಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಯಿತು. ನಮ್ಮ ನೆರೆಯ ಮಹಾರಾಷ್ಟ್ರದ ಬೆಟ್ಟದ ಬಂಡೆಗಳ ಮೇಲಷ್ಟೇ ಇರುವ ಫ್ರೀರಿಯಾ ಇಂಡಿಕಾ ಎಂಬ ಸಕ್ಯುಲೆಂಟ್ ಕೂಡ ಅಳಿವಿನಂಚಿನದು. ಅದರ ಒಂದು ತುಂಡು ಕಾಂಡ ನೆಟ್ಟರೂ ಬೇರು ಬಿಡುತ್ತದೆ, ಬಂಡೆಯಿಂದ ಕೀಳುವ ಅಗತ್ಯವೇ ಇಲ್ಲ.

ಕಾಡಿನಿಂದ ಕಿತ್ತದ್ದನ್ನು ಗುರುತಿಸುವುದು ಅಸಾಧ್ಯವೇನಲ್ಲ. ಮೈಮೇಲೆ ಹಳೆಯ ಗಾಯದ ಕಲೆ, ಒರಟು ಒರಟಾದ ಬುಡ, ಕತ್ತರಿಸಿದ ದಪ್ಪ ಬೇರು, ಒಂದೊಂದು ಒಂದೊಂದು ಗಾತ್ರ: ಇವಿದ್ದರೆ ಅನುಮಾನಿಸಬೇಕು. ಬೀಜದಿಂದ ಎದ್ದವು ಒಂದೇ ವಯಸ್ಸಿನ, ನಯವಾದ, ನೀಟಾದ ಗಿಡಗಳಾಗಿರುತ್ತವೆ. ಐವತ್ತು ವರ್ಷದ ಮುದಿಗಿಡವನ್ನು ದುಡ್ಡು ಕೊಟ್ಟು ತರುವುದರಲ್ಲಿ ಸಂಗ್ರಹವಿದೆಯೇ ಹೊರತು ಪ್ರೀತಿ ಇಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಆದ್ದರಿಂದ ಈ ಗಿಡಗಳ ಮೇಲೆ ಮನಸ್ಸು ಬಂದವರಲ್ಲಿ ನನ್ನದೊಂದು ಕೋರಿಕೆ. ಕೊಳ್ಳುವ ಮೊದಲು ಮಾರುವವರನ್ನು ಕೇಳಿ: ಇದು ಬೀಜದಿಂದ ಬಂದದ್ದೋ, ಬೆಟ್ಟದಿಂದ ಬಂದದ್ದೋ? ಸರಿಯಾದ ಉತ್ತರ ಬರದಿದ್ದರೆ ಎಷ್ಟೇ ಅಪರೂಪದ್ದಾಗಿರಲಿ, ಅಲ್ಲೇ ಬಿಟ್ಟು ಬನ್ನಿ. ಅದರ ಬದಲು ಒಂದು ಪೊಟ್ಟಣ ಲಿಥಾಪ್ಸ್ ಬೀಜ ತನ್ನಿ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಬಿತ್ತಲು ನವೆಂಬರ್ ಒಳ್ಳೆಯ ತಿಂಗಳು.