ಒಂದು ಶಬ್ದ, ಮೂರು ಶಾಸ್ತ್ರ

ಮನೆಯಲ್ಲಿ ಕೂಸು ಹುಟ್ಟಿದರೆ ಹತ್ತು ದಿನ ವೃದ್ಧಿಯೆನ್ನುವೆವು. ಪಾಣಿನಿಯ ಮೊದಲನೆಯ ಸೂತ್ರವನ್ನು ಕಲಿತ ವಿದ್ಯಾರ್ಥಿಗೆ ವೃದ್ಧಿಯೆಂದರೆ ಆ, ಐ, ಔ ಎಂಬ ಸ್ವರಗಳು. ಧರ್ಮಶಾಸ್ತ್ರದಲ್ಲಿ ಸಾಲದ ವಿಚಾರ ಬಂದಾಗ ಅದೇ ಶಬ್ದಕ್ಕೆ ಬಡ್ಡಿಯೆಂದರ್ಥ. ಮೂವರೂ ತಪ್ಪಾಡುವದಿಲ್ಲ, ಆದರೆ ಮೂವರನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿದರೆ ಮಾತು ಬೆಳೆಯುವದೇ ಹೊರತು ತಿಳಿವಳಿಕೆ ಬೆಳೆಯದು. ಆದುದರಿಂದಲೇ ನಮ್ಮ ಶಾಸ್ತ್ರಕಾರರು ಸಂಜ್ಞೆಯನ್ನು ಮೊದಲು ಹೇಳಿ, ವಿಧಿಯನ್ನು ಆಮೇಲೆ ಹೇಳಿದರು.

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ನಮಗೆ ಈ ಪದ್ಧತಿಯ ಬೆಲೆಯು ಈಚೆಗೆ ಹೊಸದಾಗಿ ಮನದಟ್ಟಾಯಿತು. ದೀಪಾವಳಿಗೆಂದು ಸಿಂಧನೂರಿನ ನಮ್ಮ ಮನೆಗೆ ಗಣಕಶಾಸ್ತ್ರವನ್ನೋದಿದ ಮಗನೂ, ಜೀವಶಾಸ್ತ್ರವನ್ನೋದಿದ ತಂಗಿಯ ಮಗಳೂ ಬಂದಿದ್ದರು. 'ಕೋಡ್' ಎಂಬ ಒಂದು ಶಬ್ದದ ಮೇಲೆ ಇಬ್ಬರಿಗೂ ಅರ್ಧ ತಾಸು ವಾದ ನಡೆಯಿತು. ಅವನಿಗೆ ಅದು ಯಂತ್ರಕ್ಕೆ ಕೊಡುವ ಅಪ್ಪಣೆ. ಅವಳಿಗೋ, ಜೀವಕೋಶದೊಳಗೆ ನಾಲ್ಕು ಅಕ್ಷರಗಳು ಮೂರು ಮೂರರಂತೆ ಕೂಡಿ ಆಗುವ 64 ಪದಗಳ ಸಂಕೇತ; ಇದನ್ನು ಬಿಡಿಸಿ ಓದಿದವರಲ್ಲಿ ಒಬ್ಬರಾದ ಹರಗೋಬಿಂದ ಖೊರಾನಾರಿಗೆ 1968ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. "ಮಾಮಾ, ಅವನ ಕೋಡು ಬರೆಯುವಂಥಾದ್ದು, ನನ್ನದು ಓದುವಂಥಾದ್ದು" ಎಂದಳು. ಸಂಜ್ಞೆಯು ಸ್ಪಷ್ಟವಾಯಿತು, ವಾದವು ನಿಂತಿತು.

ಆ ಮೇಲಿನ ಮಾತೇ ಮುಖ್ಯವಾದುದು. ಆಕಾಶದಲ್ಲಿ ಹಾರುವ ಡ್ರೋನಿನಿಂದ ಗದ್ದೆಯ ಚಿತ್ರ ತೆಗೆದು, ಗಣಕಯಂತ್ರದಿಂದ ರೋಗವನ್ನು ಗುರುತಿಸಿ, ಅಲ್ಲಿಯೇ ಔಷಧ ಸಿಂಪಡಿಸುವ ಉಪಾಯವನ್ನು ಮಗನು ವರ್ಣಿಸಿದನು. ನಮ್ಮ ಸೀಮೆಯು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ನೆಲ್ಲು ಬೆಳೆಯುವ ಸೀಮೆ, ಎಲ್ಲರೂ ಕಿವಿಗೊಟ್ಟರು. ಅವಳು ಕೇಳಿದಳು: "ಕಂದು ಜಿಗಿಹುಳು ಕೂಡುವದು ಪೈರಿನ ಬುಡದಲ್ಲಿ, ನೀರಿನ ಮಟ್ಟದ ಸ್ವಲ್ಪ ಮೇಲೆ. ಮೇಲಿನಿಂದ ನೋಡುವ ನಿನ್ನ ಯಂತ್ರಕ್ಕೆ ಅದು ಹೇಗೆ ಕಂಡೀತು? ಪೈರು ಸುತ್ತುಸುತ್ತಾಗಿ ಸುಟ್ಟಂತೆ ಒಣಗಿದ ಮೇಲೆ ಕಂಡರೇನು ಫಲ?" ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದವನ್ನು ತೆಗೆದುಕೊಂಡು ಬರೆಯಹತ್ತಿದನು. ಈ ಒಂದು ಪ್ರಶ್ನೆ ಅವನಿಗೆ ಮುಟ್ಟದಿದ್ದರೆ, ನಷ್ಟವು ಯಂತ್ರದ್ದಲ್ಲ, ಒಕ್ಕಲಿಗನದು.

ಯಂತ್ರಕ್ಕೂ ಪ್ರಾಣಿಗೂ ಸಮಾನವಾದ ಒಂದು ಶಾಸ್ತ್ರವನ್ನು ಅಮೇರಿಕೆಯ ಗಣಿತಜ್ಞ ನಾರ್ಬರ್ಟ್ ವೀನರರು 1948ರಲ್ಲಿ 'ಸೈಬರ್ನೆಟಿಕ್ಸ್' ಎಂಬ ಗ್ರಂಥದಲ್ಲಿ ನಿರೂಪಿಸಿದರು. ಶರೀರಶಾಸ್ತ್ರಜ್ಞರಾದ ರೋಸೆನ್‌ಬ್ಲೂತ್ ಎಂಬ ಗೆಳೆಯರೊಡನೆ ಕೂಡಿ ವಿಚಾರ ಮಾಡಿದುದರ ಫಲವದು. ಆ ಹೆಸರು ಹಡಗು ನಡೆಸುವವನೆಂಬ ಗ್ರೀಕ ಶಬ್ದದಿಂದ ಬಂದುದು. ಸಂಸ್ಕೃತದಲ್ಲಿ ಅವನು ಕರ್ಣಧಾರ. ಕರ್ಣವೆಂದರೆ ಚುಕ್ಕಾಣಿಯೂ ಹೌದು, ಕಿವಿಯೂ ಹೌದು. ಕೇಳದವನು ನಡೆಸಲಾರನೆಂದು ನಾವು ಅರ್ಥ ಮಾಡಿಕೊಳ್ಳುವೆವು.

ದೂರದ ದೃಷ್ಟಾಂತವೇಕೆ? ಲಿಂಗಸುಗೂರು ಸೀಮೆಯಲ್ಲಿ ಹಟ್ಟಿಯ ಚಿನ್ನದ ಗಣಿಯಿರುವದು ವಾಚಕರಿಗೆ ತಿಳಿದದ್ದೇ. ಅಲ್ಲಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರು ಬಂಡೆಯ ಮೇಲಿನ ಬರಹವನ್ನು ಕಂಡರು. ತಮ್ಮ ಕೆಲಸ ಚಿನ್ನದ್ದೆಂದು ಅವರು ಮುಂದೆ ಸಾಗಲಿಲ್ಲ. ಸುದ್ದಿಯು ಬಲ್ಲವರಿಗೆ ಮುಟ್ಟಿತು. ಎಚ್. ಕೃಷ್ಣಶಾಸ್ತ್ರಿಗಳು ಆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವನ್ನು ಓದಿ ಪ್ರಕಟಿಸಿದರು. ಆವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಇದ್ದಿತು. ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ಸಿಕ್ಕಿತು. ಗಣಿಯವನ ಕಣ್ಣು, ಪಂಡಿತನ ಓದು ಎರಡೂ ಕೂಡಿದ್ದರಿಂದ ದೇಶದ ಇತಿಹಾಸಕ್ಕೆ ಗಟ್ಟಿ ಆಧಾರವು ದೊರೆಯಿತು.

ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೆ. ಓದಿದ ಮಕ್ಕಳು ಮನೆಗೆ ಬಂದಾಗ ಸಂಬಳವನ್ನಷ್ಟೇ ಕೇಳಬೇಡಿರಿ. "ನಿನ್ನ ಶಾಸ್ತ್ರದ ಒಂದು ಶಬ್ದವನ್ನು ನಿನ್ನ ತಾಯಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳು" ಎನ್ನಿರಿ. ತಾಯಿಗೆ ತಿಳಿಯುವಂತೆ ಹೇಳಬಲ್ಲವನು ಬೇರೆ ಶಾಸ್ತ್ರದವನಿಗೂ ಹೇಳಬಲ್ಲನು.