ಮನೆಯ ಮಾತು ಬೀದಿಗೆ

ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ 2004ರಲ್ಲಿ ಬಂದಾಗ ನಮ್ಮ ಕಡೆಯ ಹಿರಿಯರೊಬ್ಬರು ಬೇಸರಪಟ್ಟುಕೊಂಡಿದ್ದರು. ‘ಮನೆಯೊಳಗಿನ ಮಾತನ್ನು ಬೀದಿಗೆ ತರುವುದೇಕೆ?’ ಎಂಬುದು ಅವರ ಪ್ರಶ್ನೆ. ಹೆಣ್ಣನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ಜಮಾಅತ್‌ನ ಮುಂದೆ ನ್ಯಾಯ ಕೇಳುವ ಚಿತ್ರ ಅದು. ಮೂಲ ಕಥೆ ‘ಕರಿ ನಾಗರಗಳು’ ಬಾನು ಮುಷ್ತಾಕ್ ಅವರದು, ಅಂದರೆ ಮನೆಯೊಳಗಿನವರದೇ. ಆದರೂ ಹೊರಗಿನವನೊಬ್ಬ ಕ್ಯಾಮೆರಾ ಹಿಡಿದು ಬಂದರೆ ಅಳುಕುವುದು ಸಹಜ. ಹಾಗೆ ಬಂದವರಲ್ಲಿ ನಮ್ಮ ಮೇಲೆ ಪ್ರೀತಿಯಿದ್ದವರು ಕಡಿಮೆ.

ಈ ಮನುಷ್ಯ ಮೊದಲು ಯಾರ ಮನೆಯ ಬಾಗಿಲು ತೆರೆದರು ಎಂಬುದನ್ನು ನೋಡಬೇಕು. ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಯಕ್ಷಗಾನ, ಟೂರಿಂಗ್ ಟಾಕೀಸು ನೋಡಿಕೊಂಡು ಬೆಳೆದವರು. ಸಾಗರದ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರ ಸೋದರಮಾವ. ಮಣಿಪಾಲದಲ್ಲಿ ಫಾರ್ಮಸಿ ಓದಿ, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೇ ಸ್ವರ್ಣಕಮಲ ಬಂತು. ಕಥೆ ಅದೇ ತಾಲ್ಲೂಕಿನ ಅನಂತಮೂರ್ತಿಯವರದು. ಬಸುರಾದ ಬಾಲವಿಧವೆಗೆ ಅವಳು ಬದುಕಿರುವಾಗಲೇ ಹೆತ್ತ ತಂದೆ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಹಸೀನಾಳ ಮನೆಗೆ ಬರುವ ಇಪ್ಪತ್ತೇಳು ವರ್ಷ ಮೊದಲೇ ಕಾಸರವಳ್ಳಿ ತಮ್ಮದೇ ಅಗ್ರಹಾರದ ಮಾತನ್ನು ಬೀದಿಗೆ ತಂದಿದ್ದರು. ಆ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

‘ತಬರನ ಕಥೆ’, ‘ತಾಯಿ ಸಾಹೇಬ’ ಚಿತ್ರಗಳಿಗೂ ಸ್ವರ್ಣಕಮಲ ಸಿಕ್ಕಿತು. ನಾಲ್ಕನೆಯದು 2002ರ ‘ದ್ವೀಪ’. ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳನ್ನು ಮುಳುಗಿಸಿತು. ಒಕ್ಕಲೆಬ್ಬಿಸಿದವರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಸಾಗರದ ನಾ. ಡಿಸೋಜ ಅದನ್ನು ಕಣ್ಣಾರೆ ಕಂಡು ಕಾದಂಬರಿ ಬರೆದರು. ಚಿತ್ರದಲ್ಲಿ ಸೌಂದರ್ಯ ಅಭಿನಯಿಸಿದ ನಾಗಿ, ಅಂಗಳಕ್ಕೆ ನೀರು ಏರುತ್ತಿದ್ದರೂ ಮನೆ ಬಿಡದೆ ನಿಲ್ಲುತ್ತಾಳೆ. ಹಿನ್ನೀರಿನ ದಡದವರಿಗೆ ಅದು ಸಿನಿಮಾದಂತೆ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ್ದು 2008ರ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯ ಗುಲಾಬಿಯನ್ನು ಕಾಸರವಳ್ಳಿ ಮುಸ್ಲಿಂ ಸೂಲಗಿತ್ತಿಯಾಗಿಸಿ, 1999ರ ಕಾರ್ಗಿಲ್ ಯುದ್ಧದ ಕಾಲಕ್ಕೆ, ಕುಂದಾಪುರ ಕಡೆಯ ಮೀನುಗಾರರ ಕುದ್ರುವಿಗೆ ಕರೆತಂದರು. ಕಥೆಯನ್ನು ಕೆಡಿಸಿದರೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಉಮಾಶ್ರೀಯವರ ಗುಲಾಬಿ ಅನುಕಂಪ ಬೇಡುವವಳಲ್ಲ. ಸಿನಿಮಾ ಹುಚ್ಚಿನವಳು, ನಗುವವಳು. ಹೆರಿಗೆ ಮಾಡಿಸಿದ್ದಕ್ಕೆ ಬಂದ ಟಿ.ವಿ. ಅವಳ ಗುಡಿಸಲನ್ನು ಕುದ್ರುವಿನ ಹೆಂಗಸರೆಲ್ಲರ ಟಾಕೀಸು ಮಾಡುತ್ತದೆ. ಅಷ್ಟರಲ್ಲಿ ದೊಡ್ಡ ದೋಣಿಯವರಿಗೂ ಸಣ್ಣ ದೋಣಿಯವರಿಗೂ ಇದ್ದ ಮೀನಿನ ಜಗಳಕ್ಕೆ ಜಾತಿಯ ಹೆಸರು ಬರುತ್ತದೆ, ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಬರುತ್ತದೆ. ನಿನ್ನೆಯವರೆಗೆ ಬರೀ ಗುಲಾಬಿಯಾಗಿದ್ದವಳು ‘ಸಾಬರವಳು’ ಆಗಿಬಿಡುತ್ತಾಳೆ. ಕೊನೆಗೆ ಅವಳು ಕುದ್ರು ಬಿಟ್ಟು ಹೋಗಬೇಕಾಗುತ್ತದೆ. ಹೋಗು ಎಂದವರ ಮನೆಗಳಲ್ಲಿ ಅವಳ ಕೈಯಲ್ಲೇ ಹುಟ್ಟಿದ ಮಕ್ಕಳಿದ್ದವು.